ಬೂಟ್ ಆಯ್ತು ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ: ರ್ಯಾಮ್ ಓವರ್‌ಕ್ಲಾಕ್ ಕೈಕೊಟ್ಟಾಗ

ಹೋದ ವಾರದ ವಿಡಿಯೋ ಉದ್ದ ಆಯ್ತು, ಆಫೀಸ್ ಕ್ಯಾಬ್‌ನಲ್ಲಿ ಕೂತು ಪೂರ್ತಿ ನೋಡೋಕೆ ಆಗಲಿಲ್ಲ ಅಂತ ಕೆಲವರು ಹೇಳಿದ್ರು. ಅದಕ್ಕೇ ಅದೇ ಮಾತನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದು ಹಾಕ್ತಿದ್ದೇನೆ. ಡೆಸ್ಕ್‌ಟಾಪ್‌ನ ಮೆಮೊರಿ ಓವರ್‌ಕ್ಲಾಕ್ ಮಾಡಿದ ಮೇಲೆ ತೊಂದರೆ ಬಂದರೆ ಅದನ್ನು ಹುಡುಕೋದು ಹೇಗೆ ಅನ್ನೋದು ವಿಷಯ.

'ನಾನು ಓವರ್‌ಕ್ಲಾಕ್ ಮಾಡೋನಲ್ಲ' ಅಂತ ಪುಟ ಮುಚ್ಚಬೇಡಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿದ್ದೀರಾ? ಹಾಗಿದ್ರೆ ನೀವೂ ಓವರ್‌ಕ್ಲಾಕ್ ಮಾಡಿದ್ದೀರಿ.

ನನಗೆ ಆಗಿದ್ದು

ಮಗರಪಟ್ಟಾದ ನಮ್ಮ ಫ್ಲ್ಯಾಟಿನಲ್ಲಿ ನಾನೇ ಜೋಡಿಸಿದ ಒಂದು ಡೆಸ್ಕ್‌ಟಾಪ್ ಇದೆ. ರೈಜನ್ 5 5600ಎಕ್ಸ್ ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್, 3600ರ ಪ್ರೊಫೈಲ್. ಎರಡು ವರ್ಷ ಒಂದು ತಕರಾರಿಲ್ಲದೆ ನಡೀತು. ವರ್ಕ್ ಫ್ರಮ್ ಹೋಮ್‌ನಲ್ಲಿ ಡಾಕರ್, ಐಡಿಇ, ನೂರು ಟ್ಯಾಬ್ ಎಲ್ಲ ಸೇರಿ 16 ಜಿಬಿ ಸಾಲಲಿಲ್ಲ. ಒಂದು ಫೆಬ್ರವರಿಯಲ್ಲಿ ಅದೇ ಮಾಡೆಲ್‌ನ ಇನ್ನೊಂದು ಜೋಡಿ ತಂದು ಹಾಕಿದೆ. ನಾಲ್ಕೂ ಸ್ಟಿಕ್, ಅದೇ 3600. ಬೂಟ್ ಆಯ್ತು, 32 ಜಿಬಿ ತೋರಿಸ್ತು. ಮುಗೀತು ಅಂದುಕೊಂಡೆ.

ಆಮೇಲೆ ಸಣ್ಣಪುಟ್ಟ ಕಿರಿಕಿರಿ ಶುರುವಾಯ್ತು. ಬ್ರೌಸರ್ ಟ್ಯಾಬ್ ತಾನಾಗೇ ಸಾಯೋದು. ಬಿಲ್ಡ್ ಹತ್ತರಲ್ಲಿ ಒಂದು ಸಲ ಸೆಗ್‌ಫಾಲ್ಟ್ ಅಂತ ಬೀಳೋದು, ಮತ್ತೆ ಓಡಿಸಿದರೆ ಸರಿ ಹೋಗೋದು. ನಾನು ಕಂಪೈಲರ್‌ನ್ನು ಬೈದೆ, ಡಾಕರ್‌ನ್ನು ಬೈದೆ. ರ್ಯಾಮ್ ಕಡೆ ನೋಡಲೇ ಇಲ್ಲ.

ಏಪ್ರಿಲ್‌ನಲ್ಲಿ ಧಾರವಾಡದಲ್ಲಿ ಅಪ್ಪನ ಅರವತ್ತರ ಶಾಂತಿ. ಫೋನ್ ತುಂಬ ಫೋಟೋ. ಪುಣೆಗೆ ಬಂದು ಒಂದು ಮಧ್ಯಾಹ್ನ ಎಲ್ಲವನ್ನೂ ಈ ಮಷೀನ್ ಮೂಲಕ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಜಾಗ ಬೇಕು ಅಂತ ಫೋನಿನಿಂದ ಅಳಿಸಿಬಿಟ್ಟೆ. ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಅವ್ವ ಫೋನ್ ಮಾಡಿ, "ತಮ್ಮಾ, ಅಜ್ಜಿ ನಿಮ್ಮಪ್ಪನ ತಲಿ ಮ್ಯಾಲೆ ಕೈ ಇಟ್ಟಿದ್ದು ಒಂದು ಫೋಟೋ ಐತಲ್ಲ, ಅದನ್ನ ದೊಡ್ಡದು ಮಾಡ್ಸಿ ಕಳಸು, ಪಡಸಾಲ್ಯಾಗ ಹಾಕೋಣು" ಅಂದಳು. ಫೈಲ್ ತೆಗೆದೆ. ಮೇಲಿನ ಅರ್ಧ ಸರಿ ಇತ್ತು, ಕೆಳಗಿನ ಅರ್ಧ ಬರೀ ಬೂದು ಬಣ್ಣ. ಹುಡುಕಿದಾಗ ಹೀಗೆ ಕೆಟ್ಟಿದ್ದು ಒಟ್ಟು ಹನ್ನೊಂದು ಫೋಟೋ.

ಡಿಸ್ಕ್ ಅಲ್ಲ, ರ್ಯಾಮ್ ಯಾಕೆ?

ಫೈಲ್ ಕಾಪಿ ಆಗುವಾಗ ಡೇಟಾ ನೇರವಾಗಿ ಡಿಸ್ಕಿಗೆ ಹೋಗೋದಿಲ್ಲ, ಮೊದಲು ರ್ಯಾಮ್‌ಗೆ ಬರುತ್ತದೆ. ಅಲ್ಲಿ ಒಂದು ಬಿಟ್ 0 ಇದ್ದದ್ದು 1 ಆದರೆ ಡಿಸ್ಕ್ ಆ ತಪ್ಪನ್ನೇ ಪ್ರಾಮಾಣಿಕವಾಗಿ ಬರೆದಿಡುತ್ತದೆ. ಎನ್‌ಟಿಎಫ್‌ಎಸ್, ಎಕ್ಸ್‌ಟಿ4 ಫೈಲ್‌ಸಿಸ್ಟಂಗಳು ಫೈಲಿನ ಒಳಗಿನ ಡೇಟಾಗೆ ಚೆಕ್‌ಸಮ್ ಇಡೋದಿಲ್ಲ. ಜೆಪೆಗ್‌ನಲ್ಲಂತೂ ಒಂದು ಬಿಟ್ ತಪ್ಪಿದರೆ ಅದರ ಮುಂದಿನದೆಲ್ಲ ಅಡ್ಡದಾರಿ ಹಿಡಿಯಬಹುದು.

ನಮ್ಮ ಮನೆಯ ರ್ಯಾಮ್‌ಗೆ ಇಸಿಸಿ ಇರೋದಿಲ್ಲ, ಅಂದ್ರೆ ತಪ್ಪಾಗಿದೆ ಅಂತ ಯಾವ ಲಾಗ್‌ನಲ್ಲೂ ಬರೋದಿಲ್ಲ. ಡಿಡಿಆರ್5ನಲ್ಲಿ ಇಸಿಸಿ ಇದೆ ಅಂತ ಕೆಲವರು ನಂಬಿದ್ದಾರೆ. ಅದು ಚಿಪ್ಪಿನ ಒಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ, ಪ್ರೊಸೆಸರ್ ಮತ್ತು ಸ್ಟಿಕ್ ನಡುವೆ ಓಡಾಡುವಾಗ ಆಗುವ ತಪ್ಪನ್ನಲ್ಲ. ಓವರ್‌ಕ್ಲಾಕ್‌ನಲ್ಲಿ ಎಷ್ಟೋ ಸಲ ಎಡವೋದು ಆ ದಾರಿಯಲ್ಲೇ.

ಮೆಮೊರಿ ತಪ್ಪು ಗುರುತಿಸೋದು ಎಂಥವರಿಗೂ ಕಷ್ಟ. 2022ರ ಅಕ್ಟೋಬರ್‌ನಲ್ಲಿ, ಲಿನಕ್ಸ್ 6.1ರ ಕೆಲಸದ ನಡುವೆ, ಲಿನಸ್ ಟೊರ್ವಾಲ್ಡ್ಸ್ ಅವರ ಡೆಸ್ಕ್‌ಟಾಪ್‌ನಲ್ಲಿ ಕಂಪೈಲ್‌ಗಳು ಬೀಳತೊಡಗಿದವು. ಮೊದಲು ಕರ್ನಲ್ ಬಗ್ ಇರಬೇಕು ಅಂತ ಅವರೂ ಅಂದುಕೊಂಡರು. ಕೊನೆಗೆ ನೋಡಿದರೆ, ಎರಡೂವರೆ ವರ್ಷ ಸರಿಯಾಗಿ ನಡೆದಿದ್ದ ರ್ಯಾಮ್ ಸ್ಟಿಕ್ ಕೆಟ್ಟಿತ್ತು.

ಪೆಟ್ಟಿಗೆಯ ಮೇಲಿನ ನಂಬರ್

ಡಿಡಿಆರ್4ಗೆ ಜೆಡೆಕ್ ಎಂಬ ಮಾನದಂಡ ಸಂಸ್ಥೆಯ ಪಟ್ಟಿಯಲ್ಲಿರುವ ವೇಗ 3200ರವರೆಗೆ, ವೋಲ್ಟೇಜ್ 1.2. '3600, 1.35 ವೋಲ್ಟ್' ಅನ್ನೋದು ಸ್ಟಿಕ್ ಮಾಡಿದವರು ತಮ್ಮ ಕಿಟ್ ಅನ್ನು ಪರೀಕ್ಷಿಸಿ, ಅದರ ಪುಟ್ಟ ಚಿಪ್‌ನಲ್ಲಿ ಬರೆದಿಟ್ಟ ಪ್ರೊಫೈಲ್. ಇಂಟೆಲ್ ಇದಕ್ಕೆ ಎಕ್ಸ್‌ಎಂಪಿ ಅನ್ನುತ್ತದೆ. ಎಎಂಡಿ 2022ರಲ್ಲಿ ಎಕ್ಸ್‌ಪೋ ತಂದಿತು.

ಎರಡು ಸ್ಟಿಕ್‌ನ ಕಿಟ್ ಪರೀಕ್ಷೆ ಆಗಿರೋದು ಎರಡೇ ಸ್ಟಿಕ್ ಇದ್ದಾಗ. ಎರಡು ಕಿಟ್ ಕೂಡಿಸಿದರೆ ಆ ಭರವಸೆ ಅಲ್ಲಿಗೆ ಮುಗೀತು. ಮೆಮೊರಿ ಕಂಟ್ರೋಲರ್ ಇರೋದು ಪ್ರೊಸೆಸರ್ ಒಳಗೆ, ಸ್ಟಿಕ್ ಹೆಚ್ಚಿದಷ್ಟೂ ಅದರ ಮೇಲೆ ಭಾರ ಜಾಸ್ತಿ. ರೈಜನ್ 5000ಕ್ಕೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್‌ಗೆ 3200. ನಾಲ್ಕಾದರೆ 2933, ಎರಡೂ ಬದಿ ರ್ಯಾಂಕ್ ಇರುವ ಸ್ಟಿಕ್ ಆದರೆ 2666. ರೈಜನ್ 7000ದಲ್ಲಿ ಎರಡಕ್ಕೆ 5200, ನಾಲ್ಕಕ್ಕೆ 3600. ಇದನ್ನು ಕೊಳ್ಳೋ ಮುಂಚೆ ನೋಡದಿದ್ದದ್ದು ನನ್ನದೇ ತಪ್ಪು.

ಹುಡುಕೋ ಕ್ರಮ

ಒಂದು: ಮೊದಲು ಡಿಫಾಲ್ಟ್‌ಗೆ ಬನ್ನಿ. ಸಂಶಯ ಬಂದ ಕೂಡಲೇ ಎಕ್ಸ್‌ಎಂಪಿ ಆಫ್ ಮಾಡಿ. ಅಲ್ಲಿಯವರೆಗೆ ಬ್ಯಾಕಪ್, ವಿಂಡೋಸ್ ಅಪ್‌ಡೇಟ್, ದೊಡ್ಡ ಕಾಪಿ ಯಾವುದೂ ಬೇಡ. ಕೆಟ್ಟ ರ್ಯಾಮ್‌ನಿಂದ ಬ್ಯಾಕಪ್ ಮಾಡಿದರೆ ಒಳ್ಳೆಯ ಹಳೇ ಕಾಪಿಯೂ ಹೋಗುತ್ತದೆ.

ಎರಡು: ಪರದೆಯೇ ಬರದಿದ್ದರೆ ಕಾಯಿರಿ. ಪ್ರತಿ ಬದಲಾವಣೆಯ ನಂತರ ಬೋರ್ಡ್ ಮೆಮೊರಿ ಟ್ರೈನಿಂಗ್ ಮಾಡುತ್ತದೆ, ಡಿಡಿಆರ್5ನಲ್ಲಿ ಮೊದಲ ಸಲ ಹಲವು ನಿಮಿಷ ಬೇಕಾಗಬಹುದು. ಆಮೇಲೂ ಬರದಿದ್ದರೆ ಪ್ಲಗ್ ಕಿತ್ತು, ಬೋರ್ಡ್‌ನ ಕೈಪಿಡಿಯಲ್ಲಿ ಹೇಳಿದಂತೆ ಸಿಮೋಸ್ ಕ್ಲಿಯರ್ ಮಾಡಿ.

ಮೂರು: ಎರಡೇ ಸ್ಟಿಕ್ ಇದ್ದರೆ ಜಾಗ ನೋಡಿ. ಬಹುತೇಕ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಸ್ಟಿಕ್ ಪೂರ್ತಿ ಕೂತಿದೆಯಾ ಅಂತಲೂ ಒತ್ತಿ ನೋಡಿ.

ನಾಲ್ಕು: ಡಿಫಾಲ್ಟ್‌ನಲ್ಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಓಡಿಸಿ. ಇಲ್ಲೂ ಎರರ್ ಬಂದರೆ ತಪ್ಪು ಓವರ್‌ಕ್ಲಾಕ್‌ದಲ್ಲ. ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ, ಕೆಟ್ಟದ್ದು ಸಿಕ್ಕರೆ ವಾರಂಟಿಗೆ ಕೊಡಿ. ನನ್ನ ನಾಲ್ಕೂ ಸ್ಟಿಕ್ ಪಾಸಾದವು.

ಐದು: ಈಗ ಎಕ್ಸ್‌ಎಂಪಿ ಆನ್ ಮಾಡಿ ಪರೀಕ್ಷಿಸಿ. ಎರರ್ ಬಂದರೆ ಬೇರೇನೂ ಮುಟ್ಟದೆ ವೇಗ ಮಾತ್ರ ಒಂದೊಂದೇ ಮೆಟ್ಟಿಲು ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡಿ. ನಾವು ಕೋಡ್ ಡೀಬಗ್ ಮಾಡೋ ರೀತಿಯೇ ಇದು, ಮನೆಯಲ್ಲಿ ಮಾತ್ರ ಮರೆತುಬಿಡ್ತೀವಿ.

ಆರು: ವೋಲ್ಟೇಜ್ ಏರಿಸೋದು ಕೊನೆಯ ದಾರಿ. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜ್‌ಗೆ 1.3ರ ಮಿತಿ ಹಾಕಿತು. ಯಾರೋ ವಿಡಿಯೋದಲ್ಲಿ ಹೇಳಿದ ನಂಬರ್ ನಿಮ್ಮ ಚಿಪ್‌ಗೆ ಹಾಕಬೇಡಿ. ನನ್ನ ವಿಡಿಯೋಗೂ ಇದೇ ಮಾತು.

ರಾತ್ರಿ ಪಾಸ್, ಮಧ್ಯಾಹ್ನ ಫೇಲ್

ನನ್ನ ನೋಟ್‌ಬುಕ್ ಹೀಗಿದೆ. 3600: ಇಪ್ಪತ್ತು ನಿಮಿಷದೊಳಗೆ ಎರರ್. 3466: ಎರಡನೇ ಸುತ್ತಿನಲ್ಲಿ ಎರರ್. 3333: ಆಗಸ್ಟ್‌ನ ಒಂದು ಮಳೆ ರಾತ್ರಿ ಬೆಳಗಿನವರೆಗೂ ಪಾಸ್. ಗೆದ್ದೆ ಅಂದುಕೊಂಡೆ. ಪುಣೆಯ ಅಕ್ಟೋಬರ್ ಬಿಸಿಲು ನಿಮಗೆ ಗೊತ್ತೇ ಇದೆ. ಒಂದು ಮಧ್ಯಾಹ್ನ ಎಸಿ ಇಲ್ಲದೆ, ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗೂ ಕೆಲಸ ಕೊಟ್ಟು ಲಿನಕ್ಸ್‌ನ ಸ್ಟ್ರೆಸ್‌ಆಪ್‌ಟೆಸ್ಟ್ ಓಡಿಸಿದೆ. ಮೂರನೇ ಗಂಟೆಯಲ್ಲಿ ಒಂದು ಎರರ್ ಬಂತು.

ಯಾಕೆ ಅಂದ್ರೆ, ರ್ಯಾಮ್‌ನ ಒಂದೊಂದು ಬಿಟ್ಟೂ ಸಣ್ಣ ಕೆಪ್ಯಾಸಿಟರ್‌ನಲ್ಲಿರುವ ಚಾರ್ಜ್. ಅದು ಸೋರುತ್ತಲೇ ಇರುತ್ತದೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಜೋರು. ಆದ್ದರಿಂದ ಟೆಸ್ಟ್ ಮಾಡೋದಾದರೆ ನಿಮ್ಮ ಕೋಣೆಯ ಅತಿ ಕೆಟ್ಟ ಗಂಟೆಯಲ್ಲಿ ಮಾಡಿ. 'ಒಂದೇ ಎರರ್ ತಾನೇ' ಅನ್ನಬೇಡಿ. ಇಲ್ಲಿ ಪಾಸ್ ಆಗೋಕೆ ಸೊನ್ನೆಯೇ ಬೇಕು.

3200ಕ್ಕೆ ಇಳಿಸಿದೆ. ಮುಂದಿನ ಮೇ ತಿಂಗಳ ಬಿಸಿಲಲ್ಲೂ ಸೊನ್ನೆ ಎರರ್. ಕಳೆದುಕೊಂಡದ್ದೇನು? ಲೆಕ್ಕದಲ್ಲಿ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 57.6 ಜಿಬಿಯಿಂದ 51.2ಕ್ಕೆ ಇಳೀತು. ಸಿಎಲ್ 18ರಿಂದ 16ಕ್ಕೆ ತಂದಿದ್ದರಿಂದ ಅದರ ಕಾಯುವ ಹೊತ್ತು ಮೊದಲಿನಂತೆ 10 ನ್ಯಾನೊಸೆಕೆಂಡ್. ನನ್ನ ದಿನದ ಬಿಲ್ಡ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಇಷ್ಟಕ್ಕಾಗಿ ಹನ್ನೊಂದು ಫೋಟೋ ಕೊಟ್ಟಿದ್ದೆ.

ಕೊನೆಯದಾಗಿ

ಬೇಕಾದ ಫೈಲ್ ಕಾಪಿ ಮಾಡಿದ ಮೇಲೆ ಎರಡೂ ಕಡೆ ಎಸ್‌ಎಚ್‌ಎ256 ಹ್ಯಾಶ್ ತೆಗೆದು ಹೋಲಿಸಿ. ಒಂದು ಸೂಕ್ಷ್ಮ ಇದೆ: ಕಾಪಿ ಆದ ತಕ್ಷಣ ಓದಿದರೆ ಡೇಟಾ ಡಿಸ್ಕಿನಿಂದಲ್ಲ, ರ್ಯಾಮ್‌ನ ಕ್ಯಾಶ್‌ನಿಂದಲೇ ಬರಬಹುದು. ಡಿಸ್ಕ್ ಅನ್ನು ಒಮ್ಮೆ ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಆಮೇಲೆ ಹೋಲಿಸಿ. ಹೋಲಿಕೆ ಆಗೋವರೆಗೆ ಫೋನಿನಿಂದ ಅಳಿಸಬೇಡಿ.

ಹನ್ನೊಂದರಲ್ಲಿ ಏಳು ಫೋಟೋ ಚಿಕ್ಕಪ್ಪನ ಮಗಳ ಹತ್ತಿರ ಇದ್ದವು, ನಾನೇ ವಾಟ್ಸಾಪ್‌ನಲ್ಲಿ ಕಳಿಸಿದ್ದು. ಅಜ್ಜಿಯದೂ ಅದರಲ್ಲಿತ್ತು, ವಾಟ್ಸಾಪ್ ಕುಗ್ಗಿಸಿದ ಸಣ್ಣ ಕಾಪಿ. ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ, ಅದಕ್ಕೆ ಅಂಗೈ ಅಗಲದ ಪ್ರಿಂಟ್ ತೆಗೆಸಿ ಧಾರವಾಡಕ್ಕೆ ಕಳಿಸಿದೆ. ಪಡಸಾಲೆಯಲ್ಲಿ ಅದೇ ಇದೆ. ಇನ್ನು ನಾಲ್ಕು ಸಿಗಲಿಲ್ಲ.

ಇವತ್ತು ರಾತ್ರಿ ಮಲಗೋ ಮುಂಚೆ ಒಂದು ಮೆಮ್‌ಟೆಸ್ಟ್ ಹಚ್ಚಿಡಿ. ಮುಂದಿನ ಮಾತಿನಲ್ಲಿ ಸಿಗೋಣ.