ಮಳೆಗೆ ಮುಂಚೆ ಒಂದು ವಾರ ಸಾಕು: ಮನೆಯಲ್ಲೇ ಮುರುಗಲು ಸಿರಪ್, ಅದರಲ್ಲೇ ಖಾರದ ‘ಮಾರ್ಗರಿಟಾ’

ಶಿರಸಿ: ಮೇ ತಿಂಗಳು ಅರ್ಧ ದಾಟಿತೆಂದರೆ ಸೊಪ್ಪಿನಬೆಟ್ಟದ ಮುರುಗಲು ಮರದಡಿ ಕೆಂಪು ಹಣ್ಣು ಉದುರಿ ಬಿದ್ದಿರುತ್ತದೆ. ಮಳೆಯೂ ಅದೇ ಹೊತ್ತಿಗೆ ಶುರು. ಎರಡು ದಿನ ಮಳೆ ಹಿಡಿದರೆ ಬಿದ್ದ ಹಣ್ಣು ಕೊಳೆಯುತ್ತದೆ, ಆಯ್ದು ತಂದ ಹಣ್ಣಿನ ಸಿಪ್ಪೆ ಒಣಗದೆ ಬೂಸಲು ಹಿಡಿಯುತ್ತದೆ. ಇತ್ತ ಪೇಟೆಗೆ ಬಂದರೆ ‘ಕೋಕಂ’ ಅಂತ ಚೀಟಿ ಹಚ್ಚಿದ ಕಡುಗೆಂಪು ಬಾಟಲಿಗೆ ನಾವೇ ದುಡ್ಡು ಕೊಡುತ್ತೇವೆ. ಅದರಲ್ಲಿ ಹಣ್ಣು ಎಷ್ಟು, ಬಣ್ಣ ಎಷ್ಟು ಅಂತ ಕೇಳುವವರು ಕಡಿಮೆ.

ಮಳೆಗೆ ಮುಂಚಿನ ಒಂದು ವಾರದ ಬಿಸಿಲು ಸಿಕ್ಕರೆ ವರ್ಷಕ್ಕಾಗುವಷ್ಟು ಸಿರಪ್ ಮನೆಯಲ್ಲೇ ಆಗುತ್ತದೆ. ಬಣ್ಣವೂ ಬೇಡ, ಎಸೆನ್ಸೂ ಬೇಡ. ಲೆಕ್ಕ ತಪ್ಪಬಾರದು, ಅಷ್ಟೇ.

ಹೆಸರು ಹಲವು, ಹಣ್ಣು ಒಂದೇ

ಉತ್ತರ ಕನ್ನಡ, ಶಿವಮೊಗ್ಗದ ಕಡೆ ಮುರುಗಲು, ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಅಂಗಡಿಯಲ್ಲಿ ಕೋಕಂ. ಸಸ್ಯಶಾಸ್ತ್ರದ ಹೆಸರು ಗಾರ್ಸಿನಿಯಾ ಇಂಡಿಕಾ. ಉಪ್ಪಾಗೆ ಇದರ ದಾಯಾದಿ, ಆದರೆ ಹಣ್ಣು ಬೇರೆ. ಸಿರಪ್‌ಗೆ ಬೇಕಾಗುವುದು ಕೆಂಪು ಮುರುಗಲಿನ ಸಿಪ್ಪೆ. ಬಣ್ಣ, ಹುಳಿ ಎರಡೂ ಇರುವುದು ಅಲ್ಲೇ. ಬೀಜ ಎಸೆಯಬೇಡಿ. ಒಣಗಿಸಿಟ್ಟರೆ ಮುರುಗಲು ತುಪ್ಪ ತೆಗೆಯಬಹುದು. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಇಲ್ಲಿನವರಿಗೆ ಹೊಸತೇನಲ್ಲ.

ಒಂದಕ್ಕೆ ಎರಡು

ಚೆನ್ನಾಗಿ ಹಣ್ಣಾದ, ಕೊಳೆಯದ ಹಣ್ಣನ್ನೇ ಆರಿಸಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಪೂರ್ತಿ ಆರಲು ಬಿಡಿ. ಹೋಳು ಮಾಡಿ ಬೀಜ ತೆಗೆಯಿರಿ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆ ಸಿಗುತ್ತದೆ. 1 ಕೆ.ಜಿ. ಸಿಪ್ಪೆಗೆ 2 ಕೆ.ಜಿ. ಸಕ್ಕರೆ ಬೇಕು.

ಗಾಜಿನ ಅಥವಾ ಪಿಂಗಾಣಿ ಜಾಡಿಯಲ್ಲಿ ಒಂದು ಪದರ ಸಿಪ್ಪೆ, ಮೇಲೊಂದು ಪದರ ಸಕ್ಕರೆ ಹೀಗೆ ತುಂಬುತ್ತಾ ಹೋಗಿ. ಕೊನೆಯ ಪದರ ಸಕ್ಕರೆಯದ್ದೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕೈಯಾಡಿಸಿ. ಸಂಜೆ ಒಳಗಿಡಿ. ಏಳೆಂಟು ದಿನಕ್ಕೆ ಸಕ್ಕರೆ ಕರಗಿ, ಸಿಪ್ಪೆ ಮುದುಡಿ, ರಸ ಮೇಲೆ ನಿಂತಿರುತ್ತದೆ. ಸೋಸಿ, ಕುದಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಬಾಟಲಿಗೆ ತುಂಬಿಡಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಬೇಡವೇ ಬೇಡ. ಈ ಹುಳಿ ಲೋಹವನ್ನು ತಿನ್ನುತ್ತದೆ.

ಇಷ್ಟು ಸಕ್ಕರೆ ಯಾಕೆ? ಸಿಪ್ಪೆಯೊಳಗಿನ ನೀರನ್ನು ಹೊರಗೆಳೆಯುವುದೂ ಸಕ್ಕರೆ, ರಸ ಕೆಡದಂತೆ ಕಾಯುವುದೂ ಸಕ್ಕರೆ. ಸಿರಪ್‌ನಲ್ಲಿ ಕರಗಿದ ಅಂಶ ಶೇ. 65ಕ್ಕಿಂತ ಮೇಲಿದ್ದರೆ ಹುಳಿಸುವ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದಷ್ಟು ನೀರು ಸಿಗುವುದಿಲ್ಲ. ಉಳಿತಾಯ ಅಂತ ಸಕ್ಕರೆ ಅರ್ಧಕ್ಕಿಳಿಸಿದರೆ ವಾರದೊಳಗೆ ನೊರೆ ಬಂದು ಹೆಂಡದ ವಾಸನೆ ಹೊಡೆಯಬಹುದು. ಒದ್ದೆ ಸೌಟು ಹಾಕಿದರೂ ಅದೇ ಗತಿ.

ನಡುವೆ ಮಳೆ ಬಂದುಬಿಟ್ಟರೆ ಗಾಬರಿ ಬೇಡ. ಜಾಡಿಯಲ್ಲಿದ್ದದ್ದನ್ನು ಸ್ಟೀಲ್ ಪಾತ್ರೆಗೆ ಸುರಿದು, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಬಿಸಿ ಮಾಡಿ, ತಣಿದ ಮೇಲೆ ಸೋಸಿ. ಹೆಚ್ಚು ಕುದಿಸಿದರೆ ಬಣ್ಣ ಕಂದುತ್ತದೆ.

ಮಸಾಲೆ ಯಾವಾಗ?

ಸೋಸಿದ 1 ಲೀಟರ್ ಸಿರಪ್‌ಗೆ ಹುರಿದ ಜೀರಿಗೆ ಪುಡಿ 2 ಚಮಚ, ಕಾಳುಮೆಣಸಿನ ಪುಡಿ 1 ಚಮಚ, ಉಪ್ಪು ಅರ್ಧ ಚಮಚ. ಎಲ್ಲವೂ ಒಣ ಪುಡಿಯೇ ಆಗಿರಬೇಕು. ಹಸಿ ಶುಂಠಿ, ಪುದೀನ, ನಿಂಬೆರಸವನ್ನು ಬಾಟಲಿಗೆ ಹಾಕಬೇಡಿ. ಅವುಗಳ ಜತೆ ನೀರಿನಂಶ ಸೇರಿ ಸಿರಪ್ ಕೆಡುತ್ತದೆ. ಅವೆಲ್ಲ ಕುಡಿಯುವ ಹೊತ್ತಿಗೆ ಗ್ಲಾಸಿಗೇ ಹೋಗಲಿ.

ಟಕೀಲಾ ಇಲ್ಲದ ಮಾರ್ಗರಿಟಾ

ಈಗ ಜ್ಯೂಸ್ ಅಂಗಡಿಗಳ ಬೋರ್ಡಿನಲ್ಲೂ ‘ಮಾರ್ಗರಿಟಾ’ ಕಾಣಿಸುತ್ತದೆ. ಮೂಲದಲ್ಲಿ ಅದು ಮದ್ಯದ ಪೇಯ. ಮೆಕ್ಸಿಕೋದ ಟಕೀಲಾ, ಕಿತ್ತಳೆ ಸ್ವಾದದ ಲಿಕ್ಕರ್, ನಿಂಬೆರಸ ಸೇರಿಸಿ ಮಾಡುತ್ತಾರೆ. ಗ್ಲಾಸಿನ ಅಂಚಿಗೆ ಉಪ್ಪು ಹಚ್ಚುತ್ತಾರೆ. ಟಕೀಲಾ ತೆಗೆಯುವುದು ನೀಲಿ ಅಗಾವೆಯಿಂದ. ನಮ್ಮ ಬೇಲಿಯ ಕತ್ತಾಳೆಯದ್ದೇ ಕುಲ ಅದು. ಮದ್ಯ ಬಿಟ್ಟು ನೋಡಿದರೆ ಉಳಿಯುವುದು ಹುಳಿ, ಸಿಹಿ, ಉಪ್ಪು. ಈ ಮೂರೂ ನಮ್ಮ ಮುರುಗಲು ಪಾನಕದಲ್ಲಿ ಮೊದಲಿಂದಲೂ ಇವೆ. ಹಾಗಾಗಿ ಮದ್ಯವಿಲ್ಲದ ಮಾರ್ಗರಿಟಾಕ್ಕೆ ಮುರುಗಲು ಸರಿಯಾಗಿ ಒಗ್ಗುತ್ತದೆ.

ಮಾಡುವುದು ಹೀಗೆ: ಒಂದು ತಟ್ಟೆಯಲ್ಲಿ ಎರಡು ಚಮಚ ಉಪ್ಪಿಗೆ ಅರ್ಧ ಚಮಚ ಮೆಣಸಿನ ಪುಡಿ ಬೆರೆಸಿ. ಒಣಗಿದ ಸೂಜಿಮೆಣಸಿನ ಪುಡಿಯಾದರೆ ಕಾಲು ಚಮಚವೇ ಸಾಕು. ಗ್ಲಾಸಿನ ಅಂಚಿಗೆ ನಿಂಬೆ ಹೋಳು ಉಜ್ಜಿ, ಗ್ಲಾಸನ್ನು ಬೋರಲು ಮಾಡಿ ಆ ತಟ್ಟೆಗೆ ಒತ್ತಿ. ಒಳಗೆ 40 ಮಿ.ಲೀ. ಸಿರಪ್, ಅರ್ಧ ಚಮಚ ಶುಂಠಿ ರಸ, ಕಿವುಚಿದ ನಾಲ್ಕು ಪುದೀನ ಎಲೆ, ಐಸ್. ಮೇಲೆ 160 ಮಿ.ಲೀ. ತಣ್ಣನೆಯ ಸೋಡಾ. ಒಂದು ಸುತ್ತು ಕಲಕಿದರೆ ಮುಗಿಯಿತು. ಸೋಡಾ ಬೇಡದವರು ನೀರು ಹಾಕಲಿ. ಮಾವು ಅಥವಾ ಅನಾನಸಿನ ರಸ ಮನೆಯಲ್ಲಿದ್ದರೆ ಸೋಡಾದಲ್ಲಿ ಕಾಲು ಭಾಗ ಕಡಿಮೆ ಮಾಡಿ ಅದನ್ನು ಸೇರಿಸಬಹುದು.

ಬಣ್ಣದ ಬಾಟಲಿ ಪರೀಕ್ಷೆ

ಮುರುಗಲಿನ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ಸಹಜ ವರ್ಣದ್ರವ್ಯ. ಹುಳಿಯಲ್ಲಿ ಅದು ಕೆಂಪಾಗಿರುತ್ತದೆ, ಕ್ಷಾರ ತಾಗಿದರೆ ಬಣ್ಣ ಬದಲಿಸುತ್ತದೆ. ಅರ್ಧ ಲೋಟ ನೀರಿಗೆ ಒಂದು ಚಮಚ ಸಿರಪ್ ಹಾಕಿ, ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ನೊರೆ ನಿಂತ ಮೇಲೂ ಇನ್ನೊಂದು ಚಿಟಿಕೆ ಹಾಕಿ. ಹಣ್ಣಿನ ಬಣ್ಣವಾದರೆ ಕೆಂಪು ಹೋಗಿ ನೇರಳೆ, ನೀಲಿ ಅಥವಾ ಬೂದುಹಸಿರಿನ ಛಾಯೆ ಬರುತ್ತದೆ. ಏನೇ ಹಾಕಿದರೂ ಕಡುಗೆಂಪು ಕದಲದಿದ್ದರೆ ಕೃತಕ ಬಣ್ಣ ಇದೆ ಅಂತ ಅನುಮಾನ ಪಡಬಹುದು. ಇದು ಲ್ಯಾಬ್ ವರದಿಗೆ ಸಮ ಅಲ್ಲ, ಎರಡೂ ಬೆರೆತಿದ್ದರೆ ಗೊಂದಲ ಆಗಬಹುದು. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ.

ಮನೆಯ ಸಿರಪ್ ಕೆಲವು ತಿಂಗಳಾದ ಮೇಲೆ ಸ್ವಲ್ಪ ಕಂದು ತಿರುಗುತ್ತದೆ. ಅದು ಸಹಜ. ವರ್ಷವಿಡೀ ಒಂದೇ ಕೆಂಪಿನಲ್ಲಿ ಹೊಳೆಯುವ ಬಾಟಲಿಯನ್ನೇ ಎರಡು ಸಲ ನೋಡಬೇಕು.

ಅಂಗಡಿಯವರು ಗಮನಿಸಬೇಕಾದ್ದು

40 ಮಿ.ಲೀ. ಲೆಕ್ಕದಲ್ಲಿ 1 ಲೀಟರ್ ಸಿರಪ್‌ಗೆ 25 ಗ್ಲಾಸ್. ಸಿರಪ್, ಸೋಡಾ, ಐಸ್‌ನ ಖರ್ಚು ಕೂಡಿಸಿ ದರ ಕಟ್ಟುವುದು ಸುಲಭ. ಅಳತೆ ಕಪ್ ಇಟ್ಟುಕೊಳ್ಳಿ. ಕೈ ಅಂದಾಜಿನಲ್ಲಿ ಸುರಿದರೆ ಒಂದು ದಿನ ರುಚಿ ಕೆಡುತ್ತದೆ, ಒಂದು ದಿನ ಲಾಭ ಹೋಗುತ್ತದೆ.

ಐಸ್ ವಿಷಯದಲ್ಲಿ ರಾಜಿ ಬೇಡ. ಮೀನು ಕೆಡದಂತೆ ಇಡುವ ಐಸ್ ಬೇರೆ, ಗ್ಲಾಸಿಗೆ ಹಾಕುವ ಐಸ್ ಬೇರೆ. ತಿನ್ನಬಾರದ ಐಸ್ ಗುರುತು ಸಿಗಲಿ ಅಂತಲೇ ಅದಕ್ಕೆ ನೀಲಿ ಬಣ್ಣ ಸೇರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿದೆ. ಬಣ್ಣ ಇಲ್ಲ ಅನ್ನುವುದೊಂದೇ ಭರವಸೆ ಅಲ್ಲ. ಕುಡಿಯುವ ನೀರಿನಿಂದ ಮಾಡಿದ್ದೇ ಅಂತ ಕೇಳಿ ತರಿಸಿ, ಇಲ್ಲವೇ ನೀವೇ ಮಾಡಿಕೊಳ್ಳಿ.

ಬಾಟಲಿ ತುಂಬಿ ಮಾರುವವರು, ಮನೆಯಿಂದಲೇ ಮಾರಿದರೂ, ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು. ಫಾಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಂರಕ್ಷಕ ಹಾಕುವುದಿದ್ದರೆ ಒಂದು ಮಾತು: ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಈ ಕೆಂಪನ್ನು ಬಿಳುಚಿಸುತ್ತದೆ. ಹಾಗಾಗಿ ಕೆಂಪು ಹಣ್ಣಿನ ಪೇಯಗಳಿಗೆ ಸೋಡಿಯಂ ಬೆಂಜೋಯೇಟ್ ಬಳಸುವುದು ರೂಢಿ, ಅದೂ ನಿಯಮ ಹೇಳಿದ ಮಿತಿಯಲ್ಲಿ. ರತ್ನಾಗಿರಿ, ಸಿಂಧುದುರ್ಗದವರು ತಮ್ಮ ಕೋಕಂಗೆ 2016ರಲ್ಲೇ ಜಿಐ ಟ್ಯಾಗ್ ಪಡೆದಿದ್ದಾರೆ. ನಮ್ಮ ಬೆಟ್ಟದ ಹಣ್ಣಿಗೂ ಹೆಸರು ಬರಬೇಕಾದರೆ ಬಾಟಲಿಯಲ್ಲಿರುವುದು ಹಣ್ಣೇ ಆಗಿರಬೇಕು.

ತಂಪು ನಿಜ, ಸಕ್ಕರೆಯೂ ನಿಜ

ಮುರುಗಲು ಕುಡಿದರೆ ತೂಕ ಇಳಿಯುತ್ತದೆ ಎಂಬ ಮಾತು ಬಾಟಲಿಗಳ ಮೇಲೂ ಇರುತ್ತದೆ. ಆದರೆ ಮೇಲಿನ ಅಳತೆಯ ಒಂದು ಗ್ಲಾಸಿನಲ್ಲಿ 30 ಗ್ರಾಂಗೂ ಹೆಚ್ಚು, ಅಂದರೆ ಆರು ಚಮಚದಷ್ಟು ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಲ್ಲದು. ಅಂಥವರು ನಾಲ್ಕೈದು ಒಣ ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ, ಕಿವುಚಿ, ಸೋಸಿ, ಜೀರಿಗೆ ಮತ್ತು ಚೂರು ಉಪ್ಪು ಹಾಕಿ ಕುಡಿಯಬಹುದು. ರಕ್ತದೊತ್ತಡ ಇರುವವರು ಗ್ಲಾಸಿನ ಅಂಚಿನ ಉಪ್ಪನ್ನು ಬಿಡುವುದೇ ಲೇಸು.

ಈ ವಾರ ಬಿಸಿಲು ನೆಟ್ಟಗಿದ್ದರೆ ಜಾಡಿ ತೊಳೆದು ಒಣಗಿಸಿಡಿ. ಮಳೆ ಹಿಡಿದ ಮೇಲೆ ಹಣ್ಣು ಕಾಯುವುದಿಲ್ಲ.