ಡೇರೆಗಳ ಮೇಲೆ ಅಮನಾರ್

ಅಲ್ಜೀರಿಯಾದ ನೈರುತ್ಯ ಮೂಲೆಯ ಟಿಂಡೂಫ್ ಪಟ್ಟಣದ ಸುತ್ತ, ಪಶ್ಚಿಮ ಸಹಾರಾದಿಂದ ಓಡಿಬಂದ ಸಹ್ರಾವಿ ಜನರ ನಿರಾಶ್ರಿತ ಶಿಬಿರಗಳಿವೆ. 1975ರ ಕೊನೆಗೆ ಸ್ಪೇನ್ ತನ್ನ ಆ ವಸಾಹತಿನಿಂದ ಕಾಲ್ತೆಗೆಯುತ್ತಿದ್ದಂತೆ ಮೊರಾಕ್ಕೊದ ಸೇನೆ ಒಳನುಗ್ಗಿತು. ಅಂದು ಉಟ್ಟ ಬಟ್ಟೆಯಲ್ಲಿ ಹೊರಟವರ ಮೊಮ್ಮಕ್ಕಳು ಇಂದು ಶಿಬಿರದ ಶಾಲೆಗಳಲ್ಲಿ ಓದುತ್ತಿದ್ದಾರೆ. ಸ್ಮಾರಾ, ದಾಖ್ಲಾ, ಲಾಯೂನ್, ಔಸೆರ್ದ್ ಎಂದು ಶಿಬಿರಗಳಿಗೆ ಇಟ್ಟಿರುವುದು ಬಿಟ್ಟುಬಂದ ಊರುಗಳದೇ ಹೆಸರು. 2019ರಲ್ಲಿ ಈ ಮಕ್ಕಳಿಗಾಗಿ ‘ಅಮನಾರ್’ ಎಂಬ ಯೋಜನೆ ಕೈಗೊಂಡದ್ದು ಗೆಲಿಲಿಯೋಮೊಬೈಲ್ ಸಂಸ್ಥೆ. 2008ರಲ್ಲಿ ಹುಟ್ಟಿ, ಮರುವರ್ಷವೇ ಚಿಲಿ, ಬೊಲಿವಿಯಾ, ಪೆರು ದೇಶಗಳ ಶಾಲೆಗಳನ್ನು ಸುತ್ತಿಬಂದ ಸ್ವಯಂಸೇವಕರ ತಂಡವಿದು. ಬೇಸಿಗೆ ಕಳೆಯಲು ಕೆನರಿ ದ್ವೀಪಗಳ ಕುಟುಂಬಗಳಿಗೆ ಬಂದಿದ್ದ ಸಹ್ರಾವಿ ಮಕ್ಕಳನ್ನು ಅಲ್ಲಿನ ವೀಕ್ಷಣಾಲಯಗಳಿಗೆ ಕರೆದೊಯ್ದರು. ಆಮೇಲೆ ತಂಡವೇ ಶಿಬಿರಗಳಿಗೆ ಹೋಗಿ ಮಕ್ಕಳ ಜೊತೆಗೆ ಶಿಕ್ಷಕರಿಗೂ ತರಬೇತಿ ಕೊಟ್ಟು, ದೂರದರ್ಶಕಗಳನ್ನು ಅಲ್ಲೇ ಬಿಟ್ಟುಬಂತು.

ನೀರು ಟ್ಯಾಂಕರಿನಲ್ಲಿ, ಹಿಟ್ಟು ಪರದೇಶದ ನೆರವಿನಲ್ಲಿ ಬರುವ ಕಡೆ ಶನಿಯ ಬಳೆ ತೋರಿಸುವುದು ಯಾವ ನ್ಯಾಯ ಎಂದು ಯಾರಾದರೂ ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ದೂರದರ್ಶಕ ಹೊಟ್ಟೆ ತುಂಬಿಸುವುದಿಲ್ಲ. ಆದರೆ ‘ಮೊದಲು ಅನ್ನ, ಆಮೇಲೆ ಉಳಿದದ್ದು’ ಎಂಬ ಮಾತು ನಾಲ್ಕಾರು ತಿಂಗಳ ಆಪತ್ತಿಗೆ ಸರಿ. ಸಹ್ರಾವಿಗಳ ಆಪತ್ತಿಗೆ ನಾಲ್ಕು ದಶಕ ಮೀರಿದೆ. ‘ಆಮೇಲೆ’ ಎಂದು ಮುಂದೂಡುತ್ತ ಹೋದರೆ ಒಂದಿಡೀ ತಲೆಮಾರಿನ ಬಾಲ್ಯವೇ ಕಳೆದುಹೋಗುತ್ತದೆ, ಆಗಲೇ ಕಳೆದೂ ಹೋಗಿದೆ. ಇನ್ನೊಂದು ಮಾತೂ ಇದೆ. ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ಮರುಭೂಮಿಗೆ ಸಾಗಿಸುವುದು ಕಷ್ಟ, ಖಗೋಳದ ಪ್ರಯೋಗಾಲಯ ಅಲ್ಲಿ ಮೊದಲೇ ಇದೆ. ಒಣ ಗಾಳಿ, ಮೋಡವಿಲ್ಲದ ರಾತ್ರಿ, ದೊಡ್ಡ ನಗರದ ಬೆಳಕಿಲ್ಲದ ಕತ್ತಲೆ. ಬೆಂಗಳೂರಿನ ಮಗುವಿಗೆ ಇಲ್ಲದ ಆಕಾಶಗಂಗೆ ಡೇರೆಯ ಮಗುವಿಗೆ ಹೊಸ್ತಿಲಲ್ಲೇ ಇದೆ. ಬೇರೆಲ್ಲವನ್ನೂ ಕೈಯೊಡ್ಡಿ ಪಡೆಯಬೇಕಾದ ಮಗುವಿಗೆ ಇದೊಂದು ತನ್ನದೇ ಆಸ್ತಿ.

ಹೊರಗಿನವರು ಜ್ಞಾನ ದಾನ ಮಾಡಲು ಬರುತ್ತಾರೆ ಎಂಬ ಅನುಮಾನಕ್ಕೂ ಉತ್ತರ ಆಕಾಶದಲ್ಲೇ ಸಿಗುತ್ತದೆ. ಸಹ್ರಾವಿಗಳ ಮಾತು ಹಸ್ಸಾನಿಯಾ, ಅರಬ್ಬಿಯ ಒಂದು ಪ್ರಭೇದ. ಪಾಠಪುಸ್ತಕದಲ್ಲಿ ನಾವು ಅರ್ಥ ತಿಳಿಯದೆ ಬಾಯಿಪಾಠ ಮಾಡುವ ರೈಗಲ್ ಅರಬ್ಬಿಯಲ್ಲಿ ‘ಕಾಲು’, ಡೆನೆಬ್ ‘ಬಾಲ’. ನಮ್ಮ ರೋಹಿಣಿಗೆ ಅಲ್ಡೆಬರನ್, ಅಂದರೆ ‘ಹಿಂಬಾಲಿಸುವವನು’, ಎಂದು ಹೆಸರು. ಕೃತ್ತಿಕೆಯ ಬೆನ್ನಿಗೇ ಅದು ಮೂಡುತ್ತದಲ್ಲ! ಜಗತ್ತಿನ ನಕ್ಷತ್ರಪಟದಲ್ಲಿ ತನ್ನ ಮನೆಮಾತು ಕಂಡ ಮಗು ಯಾರ ಶಿಷ್ಯನೂ ಆಗಬೇಕಿಲ್ಲ, ಅದು ವಾರಸುದಾರ. ಅಮನಾರ್ ಎಂಬುದೂ ಹೊರಗಿನಿಂದ ತಂದ ಹೆಸರಲ್ಲ. ಉತ್ತರ ಆಫ್ರಿಕಾದ ಬೆರ್ಬರ್ ನುಡಿಗಳಲ್ಲಿ ಅದು ಮಹಾವ್ಯಾಧ, ಅಂದರೆ ಒರಾಯನ್.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ‘ನಾವೆಲ್ಲ ಒಂದೇ ಆಕಾಶದ ಕೆಳಗೆ’ ಎಂಬ ಸವಿಮಾತು ನೆಲದ ಮೇಲಿನ ಅನ್ಯಾಯವನ್ನು ಮರೆಸುವುದಿಲ್ಲವೇ? ಮರೆಸಬಲ್ಲದು. ಪಶ್ಚಿಮ ಸಹಾರಾವನ್ನು ಸೀಳಿರುವ ಮರಳುಗೋಡೆ ಸುಮಾರು 2,700 ಕಿಲೋಮೀಟರ್ ಉದ್ದವಿದೆ, ಉದ್ದಕ್ಕೂ ನೆಲಬಾಂಬುಗಳು ಹುಗಿದಿವೆ. ಮಸೂರ ಅದನ್ನು ಕರಗಿಸುವುದಿಲ್ಲ. ಇದೇ ಸಂಸ್ಥೆ ಇಬ್ಭಾಗವಾಗಿರುವ ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ನುಡಿಯ ಮಕ್ಕಳನ್ನು ಖಗೋಳದ ನೆಪದಲ್ಲಿ ಜೊತೆಗೂಡಿಸಿದೆ. ಅಲ್ಲಿ 2003ರಿಂದ ಗಡಿ ದಾಟುವ ದಾರಿಗಳು ತೆರೆದಿವೆ. ಟಿಂಡೂಫ್‌ನಲ್ಲಿ ಗೋಡೆಯಾಚೆಯ ಮಗು ಬಂದು ಪಕ್ಕದಲ್ಲಿ ನಿಲ್ಲುವ ಹಾಗಿಲ್ಲ. ಹಾಗಾಗಿ ಅಲ್ಲಿ ‘ಒಂದೇ ಆಕಾಶ’ ಸಮಾಧಾನದ ಮಾತಾದರೆ ಸಾಲದು, ಮಗು ತಾನೇ ಒರೆಗೆ ಹಚ್ಚಿ ನೋಡಬಹುದಾದ ಲೆಕ್ಕವಾಗಬೇಕು. ಆ ಲೆಕ್ಕ ಕಷ್ಟದ್ದೇನಲ್ಲ. ಟಿಂಡೂಫ್ ಮತ್ತು ಕೆನರಿಯ ಟೈಡೆ ವೀಕ್ಷಣಾಲಯ ಎರಡೂ ಹತ್ತಿರಹತ್ತಿರ 28 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶದಲ್ಲಿ ವ್ಯತ್ಯಾಸ ಎಂಟು ಡಿಗ್ರಿ ಚಿಲ್ಲರೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಡೇರೆಯ ನೆತ್ತಿ ದಾಟಿದ ಚುಕ್ಕಿ ಅರ್ಧ ಗಂಟೆಯಲ್ಲಿ, ಹೆಚ್ಚೆಂದರೆ ಇನ್ನೈದು ನಿಮಿಷ ತಡವಾಗಿ, ಆ ವೀಕ್ಷಣಾಲಯದ ನೆತ್ತಿಯನ್ನೂ ದಾಟುತ್ತದೆ.