ಪಂಪು ದೊಡ್ಡದು, ಪೈಪು ಸಣ್ಣದು!

ಗೋವಿನಜೋಳ ಮಾರಿದ ದುಡ್ಡು ಕೈಗೆ ಬಂದ ದಿನವೇ ಮೊಮ್ಮಗ ಕೇಳಿದ: "ಅಜ್ಜಾ, ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸ್ತೀಯಾ? ಆಟ ಆಡುವಾಗ ಚಿತ್ರ ನಡುವೆ ಹರಿದ ಹಾಗೆ ಕಾಣ್ತದೆ."

ಮುಂಡಗೋಡದ ನಮ್ಮಂಥ ರೈತರಿಗೆ ಅದೇ ದುಡ್ಡು ಮುಂದಿನ ಬೀಜ, ಗೊಬ್ಬರಕ್ಕೂ ಬೇಕು. "ತಪ್ಪು ಎಲ್ಲಿದೆ ನೋಡೋಣ, ಆಮೇಲೆ ಅಂಗಡಿ" ಎಂದೆ.

ಆಟದ ಸೆಟ್ಟಿಂಗ್‌ನಲ್ಲಿ ಅವನು ಲೆಕ್ಕ ತೋರಿಸಿದ. ಕಾರ್ಡ್ ಸೆಕೆಂಡಿಗೆ 90 ಚಿತ್ರ ತಯಾರಿಸುತ್ತಿತ್ತು. ಮಾನಿಟರ್ 60 ಹರ್ಟ್ಸ್‌ನದು. ಸೆಕೆಂಡಿಗೆ 60 ಸಲವಷ್ಟೇ ಚಿತ್ರ ಬದಲಿಸಬಲ್ಲದು. ಪಂಪು ದೊಡ್ಡದು, ಪೈಪು ಸಣ್ಣದು! ಇನ್ನೂ ದೊಡ್ಡ ಪಂಪು ತಂದರೇನು ಲಾಭ? 'ವಿ-ಸಿಂಕ್' ಎಂಬ ಗುಂಡಿ ಒತ್ತಿದ. ಕಾರ್ಡ್ ಮಾನಿಟರಿನ ಹೆಜ್ಜೆಗೆ ಹೊಂದಿಕೊಂಡಿತು, ಚಿತ್ರ ಹರಿಯುವುದು ನಿಂತಿತು. ಖರ್ಚು ಸೊನ್ನೆ.

ಮಕ್ಕಳೇ, ಲೆಕ್ಕ 60ಕ್ಕಿಂತ ಕೆಳಗಿದ್ದರೆ ಚಿತ್ರದ ಗುಣಮಟ್ಟ ತಗ್ಗಿಸಿ ನೋಡಿ. ಆಗ ಲೆಕ್ಕ ಏರಿದರೆ ಕಾರ್ಡಿಗೆ ಭಾರ ಹೆಚ್ಚಾಗಿದೆ ಎಂದರ್ಥ. ಏರದಿದ್ದರೆ ಪ್ರೊಸೆಸರ್ ಕಡೆ ನೋಡಿ. 4ಕೆ ಮಾನಿಟರ್ ಕೊಳ್ಳುವಾಗಲೂ ಎಚ್ಚರ: ಫುಲ್ ಎಚ್‌ಡಿಗಿಂತ ಅದರಲ್ಲಿ ನಾಲ್ಕು ಪಟ್ಟು ಚುಕ್ಕೆಗಳು, ಕಾರ್ಡಿಗೆ ಅಷ್ಟೂ ಕೆಲಸ.

ಬೀಜದ ದುಡ್ಡು ಉಳಿಯಿತು. "ಮುಂದಿನ ವರ್ಷ ಮಾನಿಟರ್ ನೋಡೋಣ ಅಜ್ಜಾ" ಎಂದ ಮೊಮ್ಮಗ. ಬೆಳೆ ಬರಲಿ ಎಂದೆ.